ಬಿಸಿಯಾದರೆ ನಿಲ್ಲುತ್ತಿದ್ದ ಹುಲ್ಲಿನ ಗಾಡಿ

ನಾನು ಹುಲ್ಲು ಕತ್ತರಿಸುವ ಯಂತ್ರ. ಕೈಯಲ್ಲಿ ತಳ್ಳಿಕೊಂಡು ಹೋಗುವ ಬಡಪಾಯಿ ಅಂದುಕೊಳ್ಳಬೇಡಿ, ಮೇಲೆ ಕೂತು ಸವಾರಿ ಮಾಡುವಂಥದ್ದು! ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಕಣ್ಣುಬಿಟ್ಟದ್ದು ಮಾತ್ರ ಗದಗಿನ ಒಂದು ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿ, ಮರದ ಪೆಟ್ಟಿಗೆಯ ಮೊಳೆ ಕಿತ್ತಾಗ.

ನನಗೆ ಗೇರಿಲ್ಲ. ಹೊಟ್ಟೆಯೊಳಗಿನ ಪಂಪು ಎಣ್ಣೆಯನ್ನು ಒತ್ತುತ್ತದೆ, ಆ ಒತ್ತಡಕ್ಕೆ ಗಾಲಿಗಳು ತಿರುಗುತ್ತವೆ. ಪೆಡಲ್ ಮುಂದಕ್ಕೆ ಒತ್ತಿದರೆ ಮುಂದೆ, ಹಿಂದಕ್ಕೆ ಒತ್ತಿದರೆ ಹಿಂದೆ. ಇದಕ್ಕೆ ಹೈಡ್ರೋಸ್ಟ್ಯಾಟಿಕ್ ಎಂಬ ಮಾರುದ್ದದ ಹೆಸರಿದೆ. ಮೈದಾನದವರು ಅದನ್ನು ಎಣ್ಣಿ ಡಬ್ಬಿ ಎಂದು ಕರೆದರು. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಒಮ್ಮೆ ಸುತ್ತು ಹಾಕಿ ಬಂದೆನೆಂದರೆ ಚೆಂಡು ಬೌಂಡರಿ ಗೆರೆ ಮುಟ್ಟುವವರೆಗೆ ಎಲ್ಲೂ ತಡವರಿಸುತ್ತಿರಲಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ನನ್ನನ್ನು ಮೊದಲು ಓಡಿಸಿದವನು ದ್ಯಾಮಪ್ಪ. ನನಗಿಂತ ಮೊದಲು ಎತ್ತು ಹೂಡಿ ರೋಲರ್ ಎಳೆಸುತ್ತಿದ್ದವನು. ನನ್ನನ್ನು ತಿರುಗಿಸುವಾಗಲೂ "ಹೋ ಹೋ, ನಿಧಾನ ರಾಜಾ" ಎನ್ನುತ್ತಿದ್ದ. ಐದು ವರ್ಷವಾಗುವಷ್ಟರಲ್ಲಿ ಅವನ ಮೊಣಕಾಲು ಕೈಕೊಟ್ಟವು. ಆಗ ಮೈದಾನದಲ್ಲಿ ಕಳೆ ಕೀಳುತ್ತಿದ್ದ ಬಸಲಿಂಗವ್ವನನ್ನು ಅವನೇ ಕರೆದು ನನ್ನ ಸೀಟಿನ ಮೇಲೆ ಕೂರಿಸಿದ. ಮೈದಾನದ ಗಂಡಸರೆಲ್ಲ ಮುಸಿಮುಸಿ ನಕ್ಕರು. ಎಂಟೇ ದಿನದಲ್ಲಿ ಅವಳು ಹುಲ್ಲಿನ ಮೇಲೆ ದಾರ ಹಿಡಿದಂತೆ ನೆಟ್ಟಗೆ ಪಟ್ಟೆ ಎಳೆದಳು. ನಗು ನಿಂತಿತು. ಸೀಟಿನಿಂದ ಇಳಿಯುವಾಗ ಅವಳ ಮುಖ ನೋಡಬೇಕಿತ್ತು ನೀವು!

ಆ ವರ್ಷದ ಆಯುಧ ಪೂಜೆಗೆ ದ್ಯಾಮಪ್ಪ ನನಗೆ ಮೈತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ತೊಡಿಸಿದ. ಮೂತಿಗೊಂದು, ಸ್ಟೇರಿಂಗಿಗೊಂದು. ಅಷ್ಟಕ್ಕೆ ಸಮಾಧಾನವಾಗದೆ ಸೀಟಿನ ಕೆಳಗೂ ಒಂದನ್ನು ಸುತ್ತಿದ. ಮರುದಿನ ಬಸಲಿಂಗವ್ವ ಕೇಳಿದಳು: "ಕಾಕಾ, ಕೆಳಗಿನ ಮಾಲಿ ಬಿಚ್ಚಲೇನು?"

"ಏ, ಪೂಜಿ ಮಾಲಿ ಕೈಲೆ ಬಿಚ್ಚಬಾರದು. ತಾನ ಒಣಗಿ ಉದರ್ತೈತಿ ಬಿಡು" ಎಂದು ಅವನು ಗದರಿದ.

ಅದು ಉದುರಲಿಲ್ಲ. ಸೀಟಿನ ಕೆಳಗೆ, ಎಣ್ಣೆ ಡಬ್ಬಿಯ ನೆತ್ತಿಯ ಮೇಲೆ, ನನ್ನನ್ನು ತಂಪಾಗಿಡುವ ಒಂದು ಸಣ್ಣ ಫ್ಯಾನಿದೆ. ಮಾಲೆಯ ದಾರ ಅದಕ್ಕೆ ಸುತ್ತಿಕೊಂಡಿತು. ಎರಡು ರೆಕ್ಕೆ ಚಟ್ ಎಂದು ಮುರಿದವು, ಫ್ಯಾನು ನಿಂತೇಹೋಯಿತು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಯ್ಯೋ, ನನಗಾದರೂ ಬಾಯಿ ಇದ್ದಿದ್ದರೆ!

ಅಂದಿನಿಂದ ಅರ್ಧ ತಾಸು ಓಡಿದರೆ ಸಾಕು, ಎಣ್ಣೆ ಕಾದು ನೀರಿನಂತಾಗುತ್ತಿತ್ತು. ಎಂಜಿನ್ನು ಬೊಬ್ಬೆ ಹೊಡೆದರೂ ಗಾಲಿ ಕದಲುತ್ತಿರಲಿಲ್ಲ. ತಣ್ಣಗಾದ ಮೇಲೆ ಏನೂ ಆಗಿಲ್ಲದವನಂತೆ ಹೊರಡುತ್ತಿದ್ದೆ. ನಾಲ್ಕು ಜನರೆದುರು ಹೀಗೆ ಮಾನ ಹೋಗುವುದೆಂದರೆ ನನ್ನಂಥವನಿಗೆ ಸಾವೇ.

ಕ್ಲಬ್ಬಿನ ಕಾರ್ಯದರ್ಶಿ ಹಂಚಿನಮನಿ ಸಾಹೇಬರು ಬಂದು ನೋಡಿದರು. "ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಮತ್ತೇನಾಗತೈತಿ?" ಎಂದು ಕೀಲಿ ಕಸಿದುಕೊಂಡರು. ಬಸಲಿಂಗವ್ವ ದ್ಯಾಮಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತ, "ಪೆಡಲ್ ಜೋರಾಗಿ ತುಳಿತಿದ್ಲು ಕಾಣಸ್ತೈತಿ" ಎಂದುಬಿಟ್ಟ. ಅವಳು ಮತ್ತೆ ಕಳೆ ಕೀಳಲು ಹೋದಳು. ನನಗೆ ದ್ಯಾಮಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನನ್ನನ್ನು ಮಾರಿದ ಅಂಗಡಿಯವನು ಬಂದು, "ಎಣ್ಣೆ ಡಬ್ಬಿಯೇ ಹೋಗಿದೆ, ಗುಜರಿಗೆ ಹಾಕಿ" ಎಂದ. ಕೊನೆಗೆ ಊರಿನ ಜೆಸಿಬಿಗಳ ಪಂಪು ರಿಪೇರಿ ಮಾಡುವ ರಾಜೇಸಾಬ ಮಿಸ್ತ್ರಿಯನ್ನು ಕರೆಸಿದರು. ಅವರು ಪಾನಾ, ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಇದನ್ನ ಹೊಡಿತಿದ್ದವರು ಯಾರು?"

ಮಣ್ಣಿನ ಕೈಯಲ್ಲೇ ಬಸಲಿಂಗವ್ವ ಬಂದಳು. "ಬಿಸಲಾಗ ಅರ್ಧ ತಾಸಿಗೆ ನಿಲ್ತೈತ್ರಿ. ಮುಂಜಾನಿ ತಂಪಿನಾಗಾದ್ರ ಮುಕ್ಕಾಲು ತಾಸು ಹೋಗತೈತಿ. ನಿಲ್ಲೂ ಮೊದಲ ಕುಂಯ್ ಅಂತ ಅಳತೈತಿ."

"ಶಾಬಾಸ್ ಯವ್ವಾ! ಅರ್ಧ ಕೆಲಸ ನೀನ ಮಾಡಿದಿ. ಡಬ್ಬಿ ಸತ್ತಿಲ್ಲ, ಕಾದೈತಿ ಅಷ್ಟ" ಎಂದ ರಾಜೇಸಾಬರು ಸೀಟು ಎತ್ತಿ ಕೈ ತೂರಿಸಿದರು. ಮುರಿದ ರೆಕ್ಕೆ, ಮಸಿಯಾದ ದಾರದ ಉಂಡೆ, ಒಣಗಿದ ಹೂವಿನ ಎಸಳು ಹೊರಬಂದವು.

"ಯಾರ ಕೆಲಸ ಇದು?" ಹಂಚಿನಮನಿ ಸಾಹೇಬರ ಕಣ್ಣು ನೇರ ಬಸಲಿಂಗವ್ವನ ಮೇಲೆ ನೆಟ್ಟಿತು.

ದ್ಯಾಮಪ್ಪ ಸುಮ್ಮನಿದ್ದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಪೆವಿಲಿಯನ್ನಿನ ಗೋಡೆಗೆ ಒರಗಿ ಕೂತಿದ್ದ ಅವನು ಗೋಡೆ ಹಿಡಿದು ಎದ್ದ. "ನಂದ್ರಿ ಸಾಹೇಬ್ರ. ಕಟ್ಟಿದಾಂವ ನಾನು. ಆಕಿ ಬಿಚ್ಚತೇನಂದ್ಲು, ಬ್ಯಾಡ ಅಂದಾಂವನೂ ನಾನು. ಪೆಡಲ್ ತುಳಿದ್ಲು ಅಂದದ್ದು ಸುಳ್ಳು. ಆಕೀಗೆ ಕೀಲಿ ಕೊಡ್ರಿ, ಬೈಯೂದಿದ್ರ ನನಗ ಬೈರಿ."

ಸಾಹೇಬರು ಯಾರಿಗೂ ಬೈಯಲಿಲ್ಲ, ಕೀಲಿಯನ್ನು ಬಸಲಿಂಗವ್ವನ ಕೈಗಿಟ್ಟರು. ರಾಜೇಸಾಬರು ಹೊಸ ಫ್ಯಾನು ಹಾಕಿ, ಸುಟ್ಟ ಎಣ್ಣೆ ಬಸಿದು ಹೊಸದು ತುಂಬಿದರು. ಹಿಂದಿನ ಗಾಲಿ ಎತ್ತಿ ನಿಲ್ಲಿಸಿ, ಬಸಲಿಂಗವ್ವನಿಂದ ಪೆಡಲ್ ಹಿಂದೆ ಮುಂದೆ ಒತ್ತಿಸಿ ಎಣ್ಣೆಯಲ್ಲಿ ಸಿಕ್ಕಿದ್ದ ಗಾಳಿ ಬಿಡಿಸಿದರು. ನಾನು ಒಮ್ಮೆ ಹಾಯಾಗಿ ತೇಗಿದೆ. ಅವತ್ತು ಉರಿಬಿಸಿಲಿನಲ್ಲಿ ಎರಡು ತಾಸು ನಿಲ್ಲದೆ ಓಡಿದೆವು, ನಾನೂ ಅವಳೂ.

ಆಮೇಲೆ ಒಂಬತ್ತು ವರ್ಷ ದುಡಿದೆ. ಈಗ ಪಂಪು ನಿಜಕ್ಕೂ ಸವೆದಿದೆ. ಪೆವಿಲಿಯನ್ನಿನ ಹಿಂದಿನ ತಗಡಿನ ಚಪ್ಪರದಲ್ಲಿದ್ದೇನೆ. ಹೊಸ ಗಾಡಿ ಬಂದಿದೆ, ಓಡಿಸುವವಳು ಬಸಲಿಂಗವ್ವನೇ. ತುಕ್ಕು ಹಿಡಿಯುವುದಕ್ಕೆ ನನಗೆ ಅಂಜಿಕೆಯಿಲ್ಲ. ಮಾಡಬೇಕಾದ್ದನ್ನು ಮಾಡಿದ್ದೇನೆ.

ದ್ಯಾಮಪ್ಪ ಸಂಜೆ ಬಂದು ನನ್ನ ಸೀಟಿನ ಮೇಲೆ ಕೂರುತ್ತಾನೆ. ಪಂದ್ಯಕ್ಕೆ ಬಂದ ಪರ ಊರಿನವರು, "ಹೆಣ್ಮಗಳು ಎಷ್ಟ್ ಚಂದ ಗಾಡಿ ಹೊಡಿತಾಳಲ್ರಿ!" ಎನ್ನುತ್ತಾರೆ. "ನಾನ ಕಲಿಸೀನಿ" ಎಂದು ಅವನು ಎದೆಯುಬ್ಬಿಸುತ್ತಾನೆ. ಒಂದು ಗಳಿಗೆ ಬಿಟ್ಟು, ಯಾರೂ ಕೇಳದಿದ್ದರೂ, ಪ್ರತಿ ಸಲವೂ ಇನ್ನೊಂದು ಮಾತು ಸೇರಿಸುತ್ತಾನೆ: "ಒಮ್ಮೆ ನನ್ನ ತಪ್ಪು ಆಕಿ ತಲಿಗೆ ಕಟ್ಟಿದ್ದೆ. ಆಕಿ ಇವತ್ತಿಗೂ ನನಗ ಕಾಕಾ ಅಂತಾಳ."