ಕಂಬಳಿ ನುಂಗಿದ ಫೋಟೋ

"ಬೆಳ್ಳಗ ಮಾಡಬ್ಯಾಡ್ರಿ ಕಾಕಾ, ನಾ ಹ್ಯಾಂಗ ಅದೀನಿ ಹಾಂಗ ಬರ್ಲಿ," ಎಂದಳು ಸೋನಾಲಿ, ಹುಮನಾಬಾದಿನ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತವಳೇ.

ಅವ್ವ ಸಖುಬಾಯಿ ಹಣೆ ಚಚ್ಚಿಕೊಂಡಳು. "ವೀರಭದ್ರಣ್ಣಾ, ಈಕಿ ಮಾತು ಕೇಳಬ್ಯಾಡ್ರಿ. ಹೋದ ಸಲದಾಂಗ ಚಂದ ಮಾಡಿಕೊಡ್ರಿ."

ಹೋದ ಸಲದ ಚಂದವೇ ಸೋನಾಲಿಗೆ ಮುಳ್ಳಾಗಿತ್ತು. ಲ್ಯಾಬಿನವನು ನೆಗೆಟಿವ್‌ನಿಂದ ಪ್ರಿಂಟ್ ಹಾಕುವಾಗ ಅವಳನ್ನು ಹಾಲಲ್ಲಿ ಅದ್ದಿ ತೆಗೆದಿದ್ದ. ನೋಡಲು ಬಂದ ವರ ಫೋಟೋ ನೋಡಿ, ಅವಳನ್ನು ನೋಡಿ, "ಫೋಟೋದಾಕಿ ಎಲ್ಲದಾಳ್ರಿ?" ಎಂದಿದ್ದ. ಇನ್ನೊಮ್ಮೆ ಆ ಮಾತು ಕೇಳುವುದಾದರೆ ಮದುವೆಯೇ ಬೇಡವೆಂದು ಅವಳ ಹಟ.

ಫೋಟೋಗ್ರಾಫರ್ ವೀರಭದ್ರ ಬೇರೊಂದು ರೋಲ್ ತೆಗೆದ. ಬಸವಕಲ್ಯಾಣದ ಕೋಟೆ ತೆಗೆಯಲೆಂದು ತರಿಸಿದ್ದು. "ಇದು ಸ್ಲೈಡ್. ತೊಳೆದ ಮ್ಯಾಲ ಈ ಫಿಲ್ಮೇ ಫೋಟೋ. ನಡುವ ಯಾರೂ ಬಣ್ಣಕ್ಕ ಕೈ ಹಚ್ಚೂದಿಲ್ಲ. ಆದ್ರ ಗ್ವಾಡಿ ಮ್ಯಾಲ ಬೆಳಕು ಬಿಟ್ಟು ನೋಡಬೇಕು."

"ಅದೇ ಹಾಕ್ರಿ."

ಮೋರಖಂಡಿಯಿಂದ ಹೊಸ ವರನ ಕಡೆಯವರು ಸೋನಾಲಿಯ ಊರು ಘಾಟಬೋರಾಳಕ್ಕೆ ಬಂದ ದಿನ ವೀರಭದ್ರ ಲೂನಾ ಮೇಲೆ ಪ್ರೊಜೆಕ್ಟರ್ ಕಟ್ಟಿಕೊಂಡು ಬಂದ. ಫೋಟೋ ಮನಸ್ಸಿಗೆ ಬಂದಮೇಲೇ ಹುಡುಗಿ ಹೊರಗೆ ಬರಬೇಕೆಂದು ಸಖುಬಾಯಿಯ ಕಟ್ಟಪ್ಪಣೆ. ಹಿಂದಿನಿಂದಲೂ ಕುರಿ ಕಾಯುತ್ತ ಬಂದ ಆ ಮನೆಯಲ್ಲಿ ಶುಭಕಾರ್ಯವೆಲ್ಲ ಕರಿಕಂಬಳಿಯಿಂದಲೇ ಶುರು. ಮಗಳ ಮುಖವೂ ಅದರ ಮೇಲೇ ಮೂಡಲಿ ಎಂದು ಆಕೆ ಹೊಸ ಕಂಬಳಿಯೊಂದನ್ನು ಗೋಡೆಗೆ ತೂಗುಹಾಕಿದ್ದಳು.

ಬಾಗಿಲು ಮುಚ್ಚಿದರು. ಬೆಳಕು ಬಿತ್ತು. ಕಂಬಳಿ ಅದನ್ನೆಲ್ಲ ನುಂಗಿ ಸುಮ್ಮನೆ ಕೂತಿತು.

"ಹುಡುಗಿ ಎಲ್ಲದಾಳ್ರಿ?" ಎಂದರು ವರನ ಅಪ್ಪ ತುಳಜಾರಾಮ.

ಅಡುಗೆಮನೆಯ ಬಾಗಿಲ ಸಂದಿಯಿಂದ ಸೋನಾಲಿ ಇಣುಕಿದಳು. ಮತ್ತೆ ಅದೇ ಮಾತು!

ತುಳಜಾರಾಮ ಎದ್ದು ಕಂಬಳಿಯ ಹತ್ತಿರ ಹೋಗಿ ಹುಡುಕಿ, ಏನೂ ಕಾಣದೆ ಈ ಕಡೆ ತಿರುಗಿದರು. ಅವರ ಬಿಳಿ ಅಂಗಿಯ ಮೇಲೆ, ಹೊಟ್ಟೆಯ ತುಂಬ, ಸೋನಾಲಿ ಮೂಡಿದಳು: ಎಣ್ಣೆಗಪ್ಪು ಮುಖ, ಹಸಿರು ಸೀರೆ, ತಡೆದ ನಗು.

"ಎಪ್ಪಾ, ಅಳ್ಳಾಡಬ್ಯಾಡ!" ವರ ಜ್ಞಾನೇಶ್ವರ ಕೂಗಿದ. "ನೀ ಉಸಿರು ತಗೊಂಡ್ರ ಆಕಿ ಗಲ್ಲ ಉಬ್ಬಾಕತ್ತಾವ!"

ಮನೆಯೆಲ್ಲ ನಗೆ. ಅಪ್ಪಣೆ ಮರೆತು ಸೋನಾಲಿಯೂ ನಗುತ್ತ ಹೊರಗೆ ಬಂದು ಆ ಹೊಟ್ಟೆಯ ಪಕ್ಕ ನಿಂತಳು. ಜ್ಞಾನೇಶ್ವರ ಅಲ್ಲಿ ನೋಡಿದ, ಇಲ್ಲಿ ನೋಡಿದ.

"ಫೋಟೋದಾಗ ಇದ್ದಾಕೀನೇ ಬಂದಾಳ," ಎಂದ ಅವನು. "ನನಗ ಒಪ್ಪಿಗಿ ಅದ."

"ನಂದು ಇನ್ನಾ ಆಗಿಲ್ಲ." ವರನ ಕಡೆಯವರು ಮೊದಲೇ ಕಳಿಸಿದ್ದ ಅವನ ಫೋಟೋವನ್ನು ಸೋನಾಲಿ ಸೆರಗಿನಿಂದ ತೆಗೆದಳು. "ಕಾಕಾ, ಬೆಳಕು ಅವರ ಮಾರಿ ಮ್ಯಾಲ ಹಿಡೀರಿ."

ಜ್ಞಾನೇಶ್ವರ ಬೆಳಕಿನಲ್ಲಿ ಕಣ್ಣು ಪಿಳುಕಿಸುತ್ತ ನಿಂತ.

"ಫೋಟೋದಾಗ ನಿಮಗೂ ಹಾಲಾಗ ಅದ್ದ್ಯಾರ್ರಿ," ಎಂದಳು ಸೋನಾಲಿ. "ಇರ್ಲಿ, ಹಿಂಗೇ ಚಂದ ಅದೀರಿ."