ಕುರ್ಚಿ ಕೆಳಗಿನ ವೈ-ಫೈ

ಬುಧವಾರದ ಪರೀಕ್ಷೆಯಲ್ಲಿ ನೆಟ್‌ವರ್ಕ್ ಮುಖ್ಯಸ್ಥೆಯ ಯೋಜನೆ ಎಲ್ಲರ ಕಣ್ಣೆದುರೇ ಸೋತಿತು.

ಕ್ಯಾಂಪಸ್ಸಿನ ದೊಡ್ಡ ಸಭಾಂಗಣದಲ್ಲಿ ಆ ಹೊತ್ತು ಇದ್ದದ್ದು ಐದಾರು ಜನ ಮತ್ತು ನಾನೂರು ಖಾಲಿ ಕುರ್ಚಿ. ಛಾವಣಿಯಲ್ಲಿ ಹಿಂದಿನಿಂದಲೂ ಇದ್ದ ನಾಲ್ಕು ದೊಡ್ಡ ವೈ-ಫೈ ಪೆಟ್ಟಿಗೆಗಳನ್ನು ಮೊದಲು ಚಾಲೂ ಮಾಡಿದರು. ವೇದಿಕೆಯ ಮುಂದಿನ ಲ್ಯಾಪ್‌ಟಾಪಿನಲ್ಲಿ ವಿಡಿಯೊ ಎಲ್ಲೂ ತಡೆಯದೆ ಓಡಿತು. ಆಮೇಲೆ ಅವನ್ನು ನಿಲ್ಲಿಸಿ, ಅವಳು ಕುರ್ಚಿಗಳ ಕೆಳಗೆ ಕೂರಿಸಿದ್ದ ಅಂಗೈಯಗಲದ ಡಬ್ಬಿಗಳನ್ನು ಚಾಲೂ ಮಾಡಿದರು. ಅದೇ ವಿಡಿಯೊ ಉಬ್ಬಸದವರಂತೆ ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳತೊಡಗಿತು.

“ಖಾಲಿ ಹಾಲ್‌ನಲ್ಲೇ ಈ ಗತಿ. ಜನ ತುಂಬಿದ ಮೇಲೆ?” ಎಂದರು ಸಮ್ಮೇಳನ ಸಮಿತಿಯ ಅಧ್ಯಕ್ಷರಾದ ಪ್ರೊಫೆಸರರು.

“ತುಂಬಿದ ಮೇಲೆ ಸರಿಹೋಗುತ್ತೆ ಸರ್. ತುಂಬಿದ ಹಾಲ್‌ಗೆ ಅಂತಲೇ ಮಾಡಿರೋದು ಇದು.”

ಎಲ್ಲರಿಗಿಂತ ಜೋರಾಗಿ ನಕ್ಕವರು ಕ್ಯಾಂಪಸ್ಸಿನ ವಿದ್ಯುತ್ ವಿಭಾಗದ ಎಂಜಿನಿಯರ್. “ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಮ್ಮ ಮೇಡಂ ಹಾಲ್ ಖಾಲಿ ಅಂತಾರೆ.”

ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆಗೆ ಹೀಗೆ ಗಾದೆ ಎಸೆಯುವ ಸಲಿಗೆ ಅವರಿಗೆ ಮಾತ್ರ ಇತ್ತು. ಅವರು ಅವಳ ಗಂಡನ ಅಣ್ಣ. ಆಫೀಸಿನಲ್ಲಿ ಅವಳು ಅವರನ್ನು ‘ಸರ್’ ಎನ್ನುತ್ತಿದ್ದಳು, ಮನೆಯಲ್ಲಿ ‘ಭಾವ’. ಸಿಟ್ಟು ಬಂದಾಗ ಎರಡೂ ಅದಲುಬದಲಾಗುತ್ತಿದ್ದವು. ಕ್ಯಾಂಪಸ್ಸಿನವರು ಬೆನ್ನಹಿಂದೆ ಇವರನ್ನು ಕರೆಯುತ್ತಿದ್ದುದು ಫ್ಯೂಸ್ ಸರ್, ಸಿಗ್ನಲ್ ಮೇಡಂ ಎಂದು.

“ನೆಲ ನೆಟ್ಟಗೇ ಇದೆ ಭಾವ,” ಎಂದಳು ಅವಳು. “ನೋಡೋ ಹೊತ್ತು ಸರಿಯಿಲ್ಲ.”

ಅಧ್ಯಕ್ಷರು ನಗಲಿಲ್ಲ. ಮುಂದಿನ ತಿಂಗಳ ಸಮ್ಮೇಳನಕ್ಕೆ ಬರುವವರು ಬೇರೆ ಬೇರೆ ದೇಶಗಳ ಎಂಜಿನಿಯರುಗಳು. ಒಬ್ಬೊಬ್ಬರ ಕೈಯಲ್ಲೂ ಎರಡು ಮೂರು ಸಾಧನ, ವೇದಿಕೆಯ ಮೇಲೆ ನೇರ ಪ್ರಾತ್ಯಕ್ಷಿಕೆ. ನೆಟ್‌ವರ್ಕ್ ಕೈಕೊಟ್ಟರೆ ಅದನ್ನು ಅರಿಯದ ಒಬ್ಬ ಪ್ರೇಕ್ಷಕನೂ ಅಲ್ಲಿರುವುದಿಲ್ಲ. ಎಲ್ಲ ಕೆಲಸವನ್ನೂ ವಹಿಸಿಕೊಳ್ಳಲು ಹೊರಗಿನ ಕಂಪನಿಯೊಂದು ಸಿದ್ಧವಿತ್ತು.

“ಶನಿವಾರ ಸಂಜೆವರೆಗೆ ನಿಮಗೆ ಸಮಯ. ತುಂಬಿದ ಹಾಲ್‌ನಲ್ಲಿ ಓಡಿಸಿ ತೋರಿಸಿ. ಇಲ್ಲ ಅಂದ್ರೆ ನೆಟ್‌ವರ್ಕ್ ಕೆಲಸ ಅವರಿಗೆ ಹೋಗುತ್ತೆ. ನಿಮ್ಮ ತಂಡದವರು ಅವರಿಗೆ ಬಾಗಿಲು ತೆಗೆದುಕೊಟ್ಟರೆ ಸಾಕು.” ಅಧ್ಯಕ್ಷರು ಎದ್ದು, ಬಾಗಿಲ ಹತ್ತಿರ ತಿರುಗಿದರು. “ಅಂದ ಹಾಗೆ, ಕಾಲೇಜಿಗೆ ರಜೆ. ಜನ ಎಲ್ಲಿಂದ ತರ್ತೀರಿ?”

ಯೋಜನೆಯ ಬಗ್ಗೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಹತ್ತು ವರ್ಷದಿಂದ ಈ ಕ್ಯಾಂಪಸ್ಸಿನ ಒಂದೊಂದು ಕೇಬಲ್ಲನ್ನೂ ಎಳೆದಿದ್ದ ಅವಳ ತಂಡ, ತನ್ನ ಮನೆಯಲ್ಲೇ ನೆಂಟರಂತೆ ಗೋಡೆಗೆ ಒರಗಿ ನಿಲ್ಲುವುದನ್ನು ಅವಳು ನೋಡಲಾರಳು.

ರಾತ್ರಿ ಊಟಕ್ಕೆ ಕುಳಿತಾಗ ಜಗಳ ಮುಂದುವರಿಯಿತು. ಭಾವನ ಸಂಸಾರ ಮೇಲಿನ ಮಹಡಿಯಲ್ಲಿದ್ದರೂ ಅವರ ರಾತ್ರಿಯೂಟ ಕೆಳಗೆ, ತಾಯಿಯ ಜೊತೆಗೇ.

“ಕುರ್ಚಿ ಕೆಳಗೆ ನಾನು ಚಾರ್ಜಿಂಗ್ ಸಾಕೆಟ್ ಕೊಡ್ತಿದ್ದೀನಿ,” ಎಂದರು ಭಾವ. “ಅಲ್ಲೇ ನಿನ್ನ ಡಬ್ಬಿ. ಯಾರೋ ಒಬ್ಬ ಏನೋ ಸಿಕ್ಕಿಸ್ತಾನೆ, ಸಾಲು ಟ್ರಿಪ್ ಆಗುತ್ತೆ. ಅದರ ಜೊತೆ ನಿನ್ನ ನೆಟ್‌ವರ್ಕೂ ಮಲಗುತ್ತೆ. ಆಮೇಲೆ ಬೈಸ್ಕೊಳ್ಳೋನು ನಾನು.”

“ನನ್ನ ಡಬ್ಬಿಗೆ ಕರೆಂಟು ನಿಮ್ಮ ಸಾಕೆಟ್‌ನಿಂದ ಬರಲ್ಲ ಭಾವ. ನೆಟ್‌ವರ್ಕ್ ಕೇಬಲ್‌ನಲ್ಲೇ ಬರುತ್ತೆ, ಪಕ್ಕದ ಕೋಣೆಯಲ್ಲಿ ನಮ್ಮ ಉಪಕರಣ ಇರೋ ಬೀರುವಿಂದ.”

“ಬೀರುಗೆ ಎಲ್ಲಿಂದ ಬರುತ್ತೆ? ಆಕಾಶದಿಂದಲಾ? ನನ್ನ ಅದೇ ಪ್ಯಾನೆಲ್‌ನಿಂದ.”

ಅವಳು ತುತ್ತು ಎತ್ತುವುದನ್ನು ನಿಲ್ಲಿಸಿದಳು. ಈ ಮಾತಿನಲ್ಲಿ ಅವರದೇ ಸರಿ. “ಹಾಗಾದ್ರೆ ಬೀರುಗೆ ಬೇರೆ ಲೈನ್ ಕೊಡಿ. ನೇರ ಯುಪಿಎಸ್‌ನಿಂದ.”

“ಕೇಳಿದ್ರೆ ಕೊಡ್ತೀನಿ. ಇಷ್ಟು ದಿನ ಕೇಳಿದ್ಯಾ?”

“ಎತ್ತು ಏರಿಗೆ, ಕೋಣ ನೀರಿಗೆ,” ಎಂದರು ಅತ್ತೆ, ಇಬ್ಬರ ತಟ್ಟೆಗೂ ಬಡಿಸುತ್ತ. “ಯಾರು ಎತ್ತು, ಯಾರು ಕೋಣ ಅಂತ ನೀವೇ ಹಂಚ್ಕೊಳ್ಳಿ. ನನಗೆ ಒಂದು ಹೇಳು, ಜನ ಬಂದ್ರೆ ಅದು ಹೇಗೆ ಸರಿಹೋಗುತ್ತೆ? ಜನ ಬಂದ್ರೆ ಕೆಡೋದೇ ಹೆಚ್ಚು.”

ಅವಳು ಮೇಜಿನ ಮೇಲಿದ್ದ ಲೋಟಗಳನ್ನು ಸಾಲಾಗಿ ಇಟ್ಟಳು. “ಒಂದೊಂದು ಲೋಟವೂ ಒಂದು ಡಬ್ಬಿ ಅಂದ್ಕೊಳ್ಳಿ. ಎಲ್ಲಾ ಒಟ್ಟಿಗೆ ಮಾತಾಡ್ತಿವೆ. ಖಾಲಿ ಕೋಣೆಯಲ್ಲಿ ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತೆ. ಕೇಳಿಸಿದ ತಕ್ಷಣ, ‘ಮೊದಲು ನೀನು ಮುಗಿಸು’ ಅಂತ ಕಾಯುತ್ತೆ. ಎಲ್ಲರೂ ಕಾಯ್ತಾ ಕೂತರೆ ಕೆಲಸ ಎಲ್ಲಿ ಆಗುತ್ತೆ? ನಡುವೆ ಜನ ಕೂತರೆ ಅವರ ಮೈ ಆ ಅಲೆಯನ್ನ ತಡೆಯುತ್ತೆ. ಮೈಯಲ್ಲಿ ಹೆಚ್ಚು ಇರೋದು ನೀರೇ ತಾನೆ? ಆಗ ಪ್ರತಿ ಡಬ್ಬಿಯೂ ತನ್ನ ಸುತ್ತಲಿನ ನಾಲ್ಕು ಕುರ್ಚಿ ಮಾತ್ರ ನೋಡ್ಕೊಳ್ಳುತ್ತೆ.”

“ಅಂದ್ರೆ ನಿನಗೆ ಬೇಕಾಗಿರೋದು ನೀರು ತುಂಬಿದ ಚೀಲಗಳು.”

“ಜನ, ಅತ್ತೆ.”

“ಅದೇ. ನಮ್ಮ ಬೆಳಗಿನ ವಾಕಿಂಗ್ ಗುಂಪಿದೆ. ಹೊಲಿಗೆ ತರಗತಿಯವರಿದ್ದಾರೆ. ನಿವೃತ್ತರ ಸಂಘದವರಿಗಂತೂ ಯಾರಾದ್ರೂ ಕರೆದರೆ ಸಾಕು, ಏನು ಎತ್ತ ಅಂತ ಕೇಳಲ್ಲ. ಟೀ ಕೊಡಬೇಕು ಅಷ್ಟೆ.”

ಶನಿವಾರ ಮಧ್ಯಾಹ್ನ ಇನ್ನೂರೈವತ್ತಕ್ಕೂ ಹೆಚ್ಚು ಜನ ಸಭಾಂಗಣಕ್ಕೆ ಬಂದರು. ಕೆಲವರ ಬಳಿ ಎರಡು ಫೋನಿದ್ದವು, ಕೆಲವರು ಮೊಮ್ಮಕ್ಕಳ ಟ್ಯಾಬ್ ತಂದಿದ್ದರು. ಅವಳ ತಂಡದ ನಾಲ್ವರು ಸಾಲು ಸಾಲಿಗೆ ಹೋಗಿ ಪ್ರತಿ ಸಾಧನವನ್ನೂ ಜೋಡಿಸಿಕೊಟ್ಟು, ಒಂದೇ ವಿಡಿಯೊ ಹಾಕಿಕೊಟ್ಟರು. ಅಧ್ಯಕ್ಷರು ವೇದಿಕೆಯ ಪಕ್ಕ ಕೈಕಟ್ಟಿ ನಿಂತರು.

ಮೊದಲು ಛಾವಣಿಯ ಪೆಟ್ಟಿಗೆಗಳ ಸರದಿ. ಒಂದೊಂದರ ಹೆಗಲಿಗೆ ಎಪ್ಪತ್ತು, ಎಂಬತ್ತು ಸಾಧನ ಬಿದ್ದವು. ಸ್ವಲ್ಪ ಹೊತ್ತಿನಲ್ಲೇ ಸಭಾಂಗಣದ ತುಂಬ “ನಂದು ನಿಂತುಹೋಯ್ತು”, “ನಂದೂ ಸುತ್ತುತ್ತಾ ಇದೆ” ಎಂಬ ದೂರುಗಳೆದ್ದವು. ಬುಧವಾರ ಗೆದ್ದಿದ್ದ ವ್ಯವಸ್ಥೆ ಶನಿವಾರ ಮಕಾಡೆ ಮಲಗಿತು. ಅವಳು ಅಧ್ಯಕ್ಷರ ಕಡೆ ನೋಡಿದಳು. ಅವರು, “ಈಗ ನಿಮ್ಮದು” ಎಂದಷ್ಟೇ ಹೇಳಿದರು.

ಕುರ್ಚಿ ಕೆಳಗಿನ ಡಬ್ಬಿಗಳು ಚಾಲೂ ಆದವು. ಅವಳ ಲ್ಯಾಪ್‌ಟಾಪಿನ ಪರದೆಯಲ್ಲಿ ಸಭಾಂಗಣದ ನಕ್ಷೆಯಿತ್ತು. ಚೆನ್ನಾಗಿ ನಡೆಯುವ ಡಬ್ಬಿ ಹಸಿರು, ತೊಳಲಾಡುವ ಡಬ್ಬಿ ಕೆಂಪು. ನಕ್ಷೆಯ ಅರ್ಧ ಕೆಂಪಾಗಿಯೇ ಉಳಿಯಿತು.

“ಇದೂ ಅಷ್ಟೇನಾ?” ಎಂದರು ಅಧ್ಯಕ್ಷರು.

ಅವಳು ಪರದೆಯಿಂದ ತಲೆಯೆತ್ತಿ ಕುರ್ಚಿಗಳನ್ನು ನೋಡಿದಳು. ಮುಂದಿನ ಐದು ಸಾಲು ಬಿಕೋ ಎನ್ನುತ್ತಿದ್ದವು. ಜನರೆಲ್ಲ ಹಿಂದೆ, ಬಾಗಿಲಿನ ಹತ್ತಿರ, ಅಂಚಿನಲ್ಲಿ ಕುಳಿತಿದ್ದರು. ಒಬ್ಬರು ಕುಳಿತರೆ ಪಕ್ಕದ ಕುರ್ಚಿ ಅವರ ಕೈಚೀಲಕ್ಕೆ. ನಾನೂರು ಕುರ್ಚಿಗಳ ಯೋಜನೆ ಮಾಡುವಾಗ ಅವಳು ಗೋಡೆಯ ದಪ್ಪ ಅಳೆದಿದ್ದಳು, ಕುರ್ಚಿಯ ಸ್ಪಂಜು ಯಾವುದೆಂದು ವಿಚಾರಿಸಿದ್ದಳು. ಉಪನ್ಯಾಸಕ್ಕೆ ಬಂದವರು ಎಲ್ಲಿ ಕೂರುತ್ತಾರೆ ಎಂದು ಮಾತ್ರ ಯೋಚಿಸಿರಲಿಲ್ಲ.

“ಡಬ್ಬಿ ಸರಿಯಾಗಿದೆ ಸರ್,” ಎಂದಳು. “ಜನ ಇರಬೇಕಾದ ಕಡೆ ಇಲ್ಲ. ಐದು ನಿಮಿಷ ಕೊಡಿ.”

ಮೈಕ್ ಹಿಡಿದು ಎಲ್ಲರೂ ದಯವಿಟ್ಟು ಮುಂದೆ ಬರಬೇಕೆಂದು ಕೇಳಿಕೊಂಡಳು. ಎಲ್ಲರೂ ಹಸನ್ಮುಖರಾಗಿ ತಲೆಯಾಡಿಸಿದರು. ಒಬ್ಬರೂ ಏಳಲಿಲ್ಲ. “ಇಲ್ಲೇ ಆರಾಮಾಗಿದೆಯಮ್ಮ,” ಎಂದರು ಹಿಂದಿನ ಸಾಲಿನ ಹಿರಿಯರೊಬ್ಬರು.

ಅತ್ತೆ ಅವಳ ಕೈಯಿಂದ ಮೈಕ್ ತೆಗೆದುಕೊಂಡರು. “ಇಲ್ಲಿ ಯಾರೂ ಪಾಠ ಮಾಡಲ್ಲ, ಯಾರೂ ಪ್ರಶ್ನೆ ಕೇಳಲ್ಲ, ಹೆದರ್ಕೋಬೇಡಿ. ಮುಂದಿನ ಸಾಲು ತುಂಬಿದ ಮೇಲೇ ಟೀ. ಚೀಲ ತೊಡೆ ಮೇಲೆ.”

ಸಭಾಂಗಣವೇ ಎದ್ದು ಮುಂದೆ ಸರಿಯಿತು. ಗೊಣಗಾಟ, ಕೀಲುನೋವಿನ ಸದ್ದು, “ನಿಮ್ಮ ಪಕ್ಕ ಯಾರಿದ್ದಾರೆ?” ಎಂಬ ವಿಚಾರಣೆ ಎಲ್ಲ ಮುಗಿಯುವ ಹೊತ್ತಿಗೆ ಮುಂದಿನ ಸಾಲುಗಳು ಒಂದೂ ಕುರ್ಚಿ ಬಿಡದೆ ತುಂಬಿದ್ದವು. ಖಾಲಿಯಾದ ಹಿಂದಿನ ಸಾಲುಗಳ ಡಬ್ಬಿಗಳನ್ನು ಅವಳು ಕುಳಿತಲ್ಲಿಂದಲೇ ನಿಲ್ಲಿಸಿದಳು. ನಕ್ಷೆಯಲ್ಲಿ ಕೆಂಪು ಒಂದೊಂದಾಗಿ ಆರಿತು. ವಿಡಿಯೊಗಳು ಓಡಿದವು. ದೂರುವವರು ಯಾರೂ ಉಳಿಯಲಿಲ್ಲ. ಜನ ಪರಸ್ಪರ ಮಾತಿಗೆ ಇಳಿದರು. ನೆಟ್‌ವರ್ಕ್ ಚೆನ್ನಾಗಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಟಪ್ಪೆಂದು ಸದ್ದಾಗಿ ಮೂರನೇ ಸಾಲಿನ ಸಾಕೆಟ್‌ಗಳ ದೀಪ ಆರಿದವು. ಟೀ ತಡವಾದೀತೆಂದು ವಾಕಿಂಗ್ ಗುಂಪಿನವರು ತಂದಿದ್ದ ದೊಡ್ಡ ಕೆಟಲ್ಲುಗಳಲ್ಲಿ ಮೂರನ್ನು ಒಂದೇ ಸಾಲಿನ ಸಾಕೆಟ್‌ಗಳಿಗೆ ಸಿಕ್ಕಿಸಿದ್ದರು.

“ಅದು ಲ್ಯಾಪ್‌ಟಾಪ್‌ಗೆ ಕೊಟ್ಟಿರೋ ಲೈನು!” ಎಂದು ಭಾವ ಓಡಿಬಂದರು.

“ಖಾಲಿ ಇತ್ತಪ್ಪ,” ಎಂದರು ಕೆಟಲ್ಲಿನವರು.

ಅವಳು ನಕ್ಷೆ ನೋಡಿದಳು. ಮೂರನೇ ಸಾಲಿನ ಡಬ್ಬಿಗಳೂ ಹಸಿರು. ಒಂದು ವಿಡಿಯೊ ಕೂಡ ತಡವರಿಸಲಿಲ್ಲ. ಭಾವ ಅವಳ ಹೆಗಲ ಮೇಲಿಂದ ಇಣುಕಿದರು.

“ಬೀರುಗೆ ಬೇರೆ ಲೈನು,” ಎಂದರು, ಅಧ್ಯಕ್ಷರಿಗೆ ಕೇಳಿಸುವಷ್ಟು ಗಟ್ಟಿಯಾಗಿ. “ಗುರುವಾರವೇ ಎಳೆದೆ.”

“ಒಪ್ಪಿದೆ ಸರ್,” ಎಂದಳು ಅವಳು, ಅಷ್ಟೇ ಗಟ್ಟಿಯಾಗಿ.

ಅಧ್ಯಕ್ಷರು ಸಾಲುಗಳ ನಡುವೆ ಒಂದು ಸುತ್ತು ಹಾಕಿ ನಾಲ್ಕಾರು ಫೋನುಗಳನ್ನು ತಾವೇ ನೋಡಿ ಬಂದರು. “ಚೆನ್ನಾಗಿದೆ. ಆದರೆ ಒಂದು ಮಾತು. ಇವತ್ತು ನಿಮ್ಮ ಅತ್ತೆ ಹೇಳಿದ್ರು, ಜನ ಮುಂದೆ ಬಂದ್ರು. ಸಮ್ಮೇಳನದ ದಿನ ಬರೋ ಎಂಜಿನಿಯರುಗಳೂ ಮೊದಲು ಹಿಂದಿನ ಸಾಲಿಗೇ ಹೋಗ್ತಾರೆ. ನಾನೂ ಹಾಗೇ ಮಾಡೋದು. ಆಗ ಏನು ಮಾಡ್ತೀರಿ?”

ಇದು ಸರಿಯಾದ ಪ್ರಶ್ನೆ ಎಂದು ಅವಳಿಗೆ ಅನ್ನಿಸಿತು. ಉತ್ತರಕ್ಕಾಗಿ ಅವಳು ತಡಕಾಡಲಿಲ್ಲ.

“ಹಿಂದಿನ ಬಾಗಿಲು ಮುಚ್ತೀವಿ ಸರ್. ಹಿಂದಿನ ಸಾಲುಗಳಿಗೆ ಅಡ್ಡ ಹಗ್ಗ ಕಟ್ತೀವಿ. ನನ್ನ ತಂಡದ ಇಬ್ಬರು ಹಗ್ಗದ ಹತ್ತಿರ ನಿಲ್ತಾರೆ. ಮುಂದಿನ ಸಾಲು ತುಂಬಿದ ಹಾಗೆ ಹಗ್ಗ ಒಂದೊಂದೇ ಸಾಲು ಹಿಂದಕ್ಕೆ ಹೋಗುತ್ತೆ. ಹಗ್ಗ ಎಲ್ಲಿದೆಯೋ ಅಲ್ಲಿವರೆಗಿನ ಡಬ್ಬಿ ಮಾತ್ರ ನಾನು ಚಾಲೂ ಮಾಡ್ತೀನಿ.”

“ಇಷ್ಟೆಲ್ಲಾ ಉಪಕರಣ ಇಟ್ಕೊಂಡು ಕೊನೆಗೆ ಹಗ್ಗವಾ?”

“ಹೌದು ಸರ್. ಛಾವಣಿಯಿಂದ ಇದಕ್ಕೆ ಉಪಾಯ ಇಲ್ಲ. ಹೊರಗಿನ ಕಂಪನಿಯವರಿಗೂ ಇದೇ ಹಾಲ್, ಇದೇ ಜನ. ಅವರೂ ಇಲ್ಲಿಗೇ ಬರಬೇಕು. ನಾವು ಮೂರು ವಾರ ಮೊದಲೇ ಬಂದಿದ್ದೀವಿ.”

ಅಧ್ಯಕ್ಷರು ಭಾವನ ಕಡೆ ತಿರುಗಿದರು. “ವಿದ್ಯುತ್ ವಿಭಾಗ ಏನು ಹೇಳುತ್ತೆ?”

“ಹಿಂದಿನ ಬಾಗಿಲಿಗೆ ಬೀಗ ಹಾಕೋ ಹಾಗಿಲ್ಲ, ಬೆಂಕಿ ಬಿದ್ದರೆ ಜನ ಓಡೋಕೆ ಬೇಕು,” ಎಂದರು ಭಾವ. “ಬಾಗಿಲಲ್ಲಿ ಆಳು ನಿಲ್ಲಿಸಲಿ. ಮಿಕ್ಕಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಈ ಹಾಲ್ ಇವಳಿಗೆ ಗೊತ್ತಿರೋಷ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.”

ಅಧ್ಯಕ್ಷರು ಅಲ್ಲೇ ನಿಂತು ಫೋನು ತೆಗೆದು ಹೊರಗಿನ ಕಂಪನಿಯವರಿಗೆ ಎರಡು ಮಾತು ಹೇಳಿದರು: ಧನ್ಯವಾದ, ಬೇಕಾಗಿಲ್ಲ.

ಅವಳು ಸಭಾಂಗಣದ ಇನ್ನೊಂದು ತುದಿಗೆ ನೋಡಿದಳು. ತಂಡದ ನಾಲ್ವರೂ ಕೆಲಸ ನಿಲ್ಲಿಸಿ ಅವಳ ಮುಖವನ್ನೇ ಓದಲು ಪ್ರಯತ್ನಿಸುತ್ತಿದ್ದರು.

“ಏನು ನಿಂತಿದ್ದೀರಿ?” ಎಂದು ಕೂಗಿದಳು. “ಕೆಲಸ ನಮ್ಮದೇ. ಹಿಂದಿನ ಸಾಲಿನ ಕೇಬಲ್‌ಗೆ ಇನ್ನೂ ಹೊದಿಕೆ ಹಾಕಿಲ್ಲ, ಯಾರಾದ್ರೂ ಎಡವಿ ಬಿದ್ದಾರು. ಅಲ್ಲಿಂದ ಶುರು ಮಾಡಿ.”