ಕುಲವಾಡಿಯ ಮಣ್ಣುಂಡೆ

ಕಣ್ಣಿಂದ ನೋಡದ ಮರಳಿಗಾಗಿ ಇಬ್ಬರು ಗಂಡಸರು ಹನ್ನೊಂದು ವರ್ಷ ಕಾಗದದಲ್ಲೇ ಕಚ್ಚಾಡಿದ್ದನ್ನು ಓದುವುದು ನನ್ನ ಕೆಲಸವಾಗಿತ್ತು. ಅಕ್ಕಪಕ್ಕದ ಎರಡು ದೇಶಗಳು, ನಡುವೆ ಮರುಭೂಮಿ. ದೇಶಗಳ ಹೆಸರು ಹೇಳುವಂತಿಲ್ಲ, ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೇನೆ. ನೂರಿಪ್ಪತ್ತು ವರ್ಷಗಳ ಹಿಂದೆ ಎರಡೂ ಕಡೆ ಬೇರೆ ಬೇರೆ ಪರಂಗಿ ದೊರೆಗಳಿದ್ದರು. ಗಡಿ ಎಲ್ಲಿದೆ ಎಂದು ಒಬ್ಬನಿಗೂ ಗೊತ್ತಿರಲಿಲ್ಲ, ಒಂದು ಕಲ್ಲನ್ನೂ ಯಾರೂ ನೆಟ್ಟಿರಲಿಲ್ಲ. ಆದರೂ ಈ ಕಡೆಯ ಅಧಿಕಾರಿ ‘ತಾವು ನಮ್ಮ ಗಡಿ ದಾಟಿದ್ದೀರಿ’ ಎಂದು ಬರೆಯುವುದು, ಆ ಕಡೆಯವನು ‘ತಮ್ಮ ಪತ್ರ ಓದಿ ಖೇದವಾಯಿತು’ ಎಂದು ಉತ್ತರಿಸುವುದು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಈ ಮಹಾನುಭಾವರು ಅಲ್ಲಿ ಉಳಿಯುವ ಕಷ್ಟವನ್ನೂ ತೆಗೆದುಕೊಳ್ಳದೆ ಗೌಡರಾಗಿದ್ದರು.

ದೊರೆಗಳು ಹೋದರು, ಜಗಳ ಉಳಿಯಿತು. ಈಗ ಅದು ಅಂತರರಾಷ್ಟ್ರೀಯ ನ್ಯಾಯಮಂಡಳಿಯ ಮುಂದಿದೆ. ಒಂದು ದೇಶದ ವಕೀಲರು ಮೆಲ್ಬರ್ನ್‌ನಲ್ಲಿದ್ದರು, ಅವರು ನಕ್ಷೆಯ ಕೆಲಸವನ್ನು ನಾರ್ತ್ ಸಿಡ್ನಿಯ ನಮ್ಮ ಆಫೀಸಿಗೆ ಕೊಟ್ಟರು. ಹಳೆಯ ಪತ್ರಗಳಲ್ಲಿರುವ ಗುಡ್ಡ, ಬಾವಿ, ದಾರಿಗಳನ್ನು ಉಪಗ್ರಹದ ಚಿತ್ರದ ಮೇಲೆ ಗುರುತಿಸುವುದು, ನೋಡಿದ ಪುಟಗಳ ಪಟ್ಟಿ ಮಾಡಿಕೊಡುವುದು ನನ್ನ ಪಾಲಿಗೆ ಬಂತು. ನಾನು ಗಾನವಿ, ನಾಗಮಂಗಲದ ಕಡೆಯವಳು. ಮೂರು ವರ್ಷದಿಂದ ಈ ಕಂಪನಿಯ ವೀಸಾದ ಮೇಲೆ ಇದ್ದೇನೆ. ಇಲ್ಲೇ ಕಾಯಂ ನೆಲೆಸಲು ಬೇಕಾದ ನನ್ನ ಪಿಆರ್ ಕಾಗದಕ್ಕೆ ಕಂಪನಿಯೇ ಶಿಫಾರಸು ಮಾಡಬೇಕು, ಕಂಪನಿ ಅಂದರೆ ನನ್ನ ಟೀಮ್ ಲೀಡ್ ಸುಘೋಷ್.

ಸುಘೋಷ್ ಮೈಸೂರಿನವರು. ಕೆಟ್ಟವರಲ್ಲ. ನಾನು ಸಿಡ್ನಿಗೆ ಬಂದ ವಾರ ತಮ್ಮ ಮನೆಯಿಂದ ಹಾಸಿಗೆ, ಕುಕ್ಕರ್ ತಂದುಕೊಟ್ಟವರು. ಕೆಟ್ಟವರಾಗಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು.

ತೊಂದರೆ ಶುರುವಾದದ್ದು ಕಡತದ ನೂರಹದಿನಾಲ್ಕನೆಯ ಪುಟದಿಂದ. ಆ ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಸರ್ವೆಯವನು ಮರುಭೂಮಿಗೆ ಇಳಿದಿದ್ದ, ಅವನು ನಮ್ಮ ಕಕ್ಷಿದಾರ ದೇಶದ ಹಳೆಯ ದೊರೆಗಳ ಕಡೆಯವನು. ಜೊತೆಗೆ ದಾರಿ ತೋರಿಸಲು ಅಲ್ಲಿನವನೊಬ್ಬ. ಸರ್ವೆಯವನ ದಿನಚರಿಯ ಆ ಪುಟದಲ್ಲಿ ಹೀಗಿತ್ತು: ‘ಮೂರನೆಯ ಬಾವಿಯ ಹತ್ತಿರ ಅವನು ಒಂಟೆಯಿಂದಿಳಿದು ಕೂತುಬಿಟ್ಟ. ಈ ಬಾವಿ ನಿಮ್ಮ ಕಡೆಯದಲ್ಲ, ಆಚೆಯವರದು, ಇಲ್ಲಿಂದ ಮುಂದೆ ಗಡಿ ತೋರಿಸಲಾರೆ ಅಂದ. ಬೈದೆ, ಹೊಡೆದೆ, ಏಳಲಿಲ್ಲ. ಆದರೂ ಬಾವಿಯನ್ನು ನಮ್ಮ ಕಡೆಗೇ ಸೇರಿಸಿಕೊಂಡಿದ್ದೇನೆ. ಮುಂದೆ ದಂಡಿಗೆ ನೀರು ಬೇಕಾಗಬಹುದು.’ ಅಷ್ಟೇ. ಇಡೀ ದಿನಚರಿಯಲ್ಲಿ ಎರಡು ಒಂಟೆಗಳ ಹೆಸರಿದೆ, ಆ ಮನುಷ್ಯನ ಹೆಸರಿಲ್ಲ.

ಬಾವಿ ಇವತ್ತಿಗೂ ಬತ್ತಿಲ್ಲ. ಉಪಗ್ರಹದ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಕೆ, ಒಂಟೆ, ಮನುಷ್ಯರು ತುಳಿದ ಕಾಲುದಾರಿಗಳು ಬಾವಿಯತ್ತ ಬರುತ್ತವೆ, ಎಲ್ಲವೂ ಆಚೆ ದೇಶದ ಹಳ್ಳಿಗಳಿಂದ. ನಮ್ಮ ಕಕ್ಷಿದಾರರ ಕಡೆಯಿಂದ ಒಂದೂ ಇಲ್ಲ. ತೀರ್ಪು ನಮ್ಮ ಕಡೆ ಆದರೆ ಅಲ್ಲಿ ಬೇಲಿ ಬೀಳುತ್ತದೆ, ಆ ಹಳ್ಳಿಗಳ ಜನ ಬೇಲಿಯಾಚೆ ನಿಂತು ತಮ್ಮ ಬಾವಿಯನ್ನು ನೋಡಬೇಕು.

ಸುಘೋಷ್ ನನ್ನ ಟೇಬಲ್ಲಿಗೆ ಬಂದು ಕುರ್ಚಿ ಎಳೆದುಕೊಂಡರು.

“ಗಾನವಿ, ಆ ಒನ್ ಫೋರ್ಟೀನ್ ಲಿಸ್ಟ್‌ನಿಂದ ತೆಗೆದುಬಿಡಿ. ಯಾವನೋ ಒಂಟೆಯವನು ಹೇಳಿದ್ದಕ್ಕೆಲ್ಲ ಏನ್ ವ್ಯಾಲ್ಯೂ ಇದೆ?”

ಪಟ್ಟಿಯ ಕೊನೆಗೆ ‘ನಾನು ನೋಡಿದ ಎಲ್ಲ ದಾಖಲೆಗಳೂ ಇಲ್ಲಿವೆ’ ಎಂದು ಸಹಿ ಹಾಕಬೇಕಾದವಳು ನಾನಲ್ಲವೇ ಎಂದು ಕೇಳಿದೆ. ಅವರು ನಕ್ಕರು. ಬುಧವಾರ ಮೆಲ್ಬರ್ನ್‌ಗೆ ಹೋಗಿ ಸಹಿ ಮುಗಿಸಿ ಬಂದರೆ, ಗುರುವಾರ ನನ್ನ ಪಿಆರ್ ಶಿಫಾರಸು ಕಳಿಸುವುದಾಗಿ ಹೇಳಿದರು. ಇದು ಬೆದರಿಕೆ ಅಂತ ತಿಳ್ಕೋಬೇಡಿ ಎಂದೂ ಸೇರಿಸಿದರು. ತಿಳಿದುಕೊಳ್ಳದೆ ಇನ್ನೇನು ಮಾಡಲಿ? ಬೇಲಿಯೇ ಎದ್ದು ಹೊಲ ಮೇಯುವಾಗ ಹೊಲಕ್ಕೆ ಸಮಾಧಾನ ಹೇಳಿದ ಹಾಗಿತ್ತು.

ಅವತ್ತು ರೈಲಿನಲ್ಲಿ ನಾನಿರುವ ಸ್ಕೋಫೀಲ್ಡ್ಸ್‌ವರೆಗೂ ಕುದಿಯುತ್ತಲೇ ಬಂದೆ. ಮನೆಯಲ್ಲಿ ಅವ್ವ ಇದ್ದಳು. ಮೂರು ತಿಂಗಳಿಗೆಂದು ಬಂದವಳು, ಹಿತ್ತಲಿನ ಎರಡು ಮಾರು ಜಾಗದಲ್ಲಿ ಆಗಲೇ ದಂಟಿನ ಸೊಪ್ಪು ಬೆಳೆದಿದ್ದಳು. ಸೊಪ್ಪು ಬಿಡಿಸುತ್ತಾ ಎಲ್ಲ ಹೇಳಿದೆ. ನಿಜ ಹೇಳಬೇಕೆಂದರೆ, ಅವಳು ‘ನಿನ್ನ ಮುತ್ತಾತನ ಹಂಗೆ ಇರು’ ಎನ್ನುತ್ತಾಳೆ ಎಂದು ಕಾದಿದ್ದೆ.

ಯಾಕೆಂದರೆ ಅವ್ವನ ತಾತ ನಮ್ಮೂರಿನ ಕುಲವಾಡಿ. ಊರ ಎಲ್ಲೆ ಬಲ್ಲವನು ಅವನೇ. ಎರಡು ಊರಿಗೆ ಗಡಿಯ ಜಗಳ ಬಂದರೆ ಕುಲವಾಡಿ ಮಿಂದು, ತನ್ನೂರ ಮಣ್ಣಿನ ಹಸಿ ಉಂಡೆಯನ್ನು ತಲೆ ಮೇಲಿಟ್ಟುಕೊಂಡು ಎಲ್ಲೆಯ ಮೇಲೆ ನಡೆಯಬೇಕು, ಹಿಂದೆ ಎರಡೂ ಊರಿನವರು. ಅವನು ಸತ್ಯವಾಗಿ ನಡೆದರೆ ಉಂಡೆ ಉಳಿಯುತ್ತದೆ. ಪಕ್ಕದೂರಿನ ನೆಲಕ್ಕೆ ಕಾಲಿಟ್ಟರೆ ಒಡೆಯುತ್ತದೆ, ಅಲ್ಲಿಗೆ ಗಡಿ. ಊರ ಸುತ್ತಳತೆಯನ್ನೆಲ್ಲ ಅವನ ಕಾಲಿಗೆ ಒಪ್ಪಿಸಿದವರು ಅವನನ್ನು ಊರೊಳಗಿನ ಒಂದು ಜಗುಲಿಗೂ ಹತ್ತಿಸುತ್ತಿರಲಿಲ್ಲ. ನಮ್ಮ ಮುತ್ತಾತ ನಡೆದ ದಿನ ಉಂಡೆ ಒಡೆಯಲಿಲ್ಲ. ಈ ಕಥೆ ಕೇಳಿಯೇ ನಾನು ನಕ್ಷೆಯ ಓದಿಗೆ ಹೋದವಳು. ಒಮ್ಮೆ ಊಟದ ಹೊತ್ತಿನಲ್ಲಿ ಸುಘೋಷ್‌ಗೂ ಹೇಳಿದ್ದೆ. ಕುಲವಾಡಿ ಅಂದರೆ ಯಾರು ಎಂದು ಕೇಳಿ ತಿಳಿದುಕೊಂಡ ಮೇಲೆ ಅವರು “ಓ, ನೈಸ್” ಎಂದು ಡಬ್ಬಿಯ ಮುಚ್ಚಳ ಹಾಕಿದ್ದರು.

ಅವ್ವ ದಂಟು ಮುರಿಯುವುದನ್ನು ನಿಲ್ಲಿಸಿದಳು.

“ಉಂಡೆ ಒಡೀನಿಲ್ಲ ಅಂತ ಮೆರೀತೀಯಲ್ಲ, ಯಾಕ್ ಒಡೀನಿಲ್ಲ ಗೊತ್ತೇನವ್ವ? ಗೌಡ್ರು ಆ ಮಣ್ಣಿಗೆ ಸುಣ್ಣ ಬೆಲ್ಲ ಕಲಸಿ ಗಾರೆ ಮಾಡಿದ್ರು. ಗಾರೆ ಒಡೆದಾತಾ?”

ಪಕ್ಕದೂರಿನ ಕೆರೆ ನಮ್ಮೂರೊಳಗೆ ಬರುವಂತೆ ಸುತ್ತುಹಾಕಿ ನಡೆ, ಇಲ್ಲದಿದ್ದರೆ ಗುಡಿಸಲಿಗೆ ಬೆಂಕಿ ಇಕ್ಕುತ್ತೇವೆ ಎಂದಿದ್ದರಂತೆ. ಒಳಗೆ ಬಾಣಂತಿ ಹೆಂಡತಿ. ತಾತ ನಡೆದ. ಕೆರೆ ನಮ್ಮೂರಿಗೆ ಬಂತು, ಪಕ್ಕದೂರಿನ ಗದ್ದೆ ಒಣಗಿತು.

“ಆ ಕೆರೇಲಿ ನಮ್ಮೋರಿಗೆ ನೀರು ಮುಟ್ಟಕ್ ಬುಟ್ರಾ ಅಂತ ಕೇಳು. ಬುಡ್ನಿಲ್ಲ. ತಾತ ಸಾಯೋಗಂಟ ಆ ಏರಿ ಮೇಲೆ ಕಾಲಿಕ್ನಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಗೌಡರ ಮೇಲೆ ಸಿಟ್ಟು ಬಂತು, ಹೆದರಿದ ಮುತ್ತಾತನ ಮೇಲೆ ಬಂತು, ಮೂವತ್ತೈದು ವರ್ಷ ನನಗೆ ಸುಳ್ಳು ಕಥೆ ಹೇಳಿ ಊಟ ಮಾಡಿಸಿದ ಅವ್ವನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಯಾಕೆ ಮುಚ್ಚಿಟ್ಟೆ ಎಂದು ಕೂಗಾಡಿದೆ. ನೀನು ತಲೆ ಎತ್ತಿ ಓಡಾಡಲಿ ಅಂತ, ಅಂದಳು. ಹಾಗಾದರೆ ಈಗ ನಾನೇನು ಮಾಡಲಿ ಎಂದು ಕೇಳಿದೆ.

“ಸಹಿ ಹಾಕು ಅನ್ನಾಕಿಲ್ಲ, ಬ್ಯಾಡ ಅನ್ನಾಕಿಲ್ಲ. ತಾತನ ಮನೆಗೆ ಬೆಂಕಿ ಬೀಳೋದು. ನಿನ್ನ ಮನೆಗೆ ಯಾರೂ ಬೆಂಕಿ ಇಕ್ಕಾಕಿಲ್ಲ, ಅಷ್ಟು ತಿಳ್ಕೊ.”

ಆಮೇಲೆ ಏನೂ ಆಗದವಳಂತೆ ಎದ್ದು ಮುದ್ದೆಗೆ ಎಸರಿಟ್ಟಳು.

ಬುಧವಾರ ಬೆಳಗಿನ ವಿಮಾನಕ್ಕೆ ನಾನೂ ಸುಘೋಷ್ ಮೆಲ್ಬರ್ನ್‌ಗೆ ಹೋದೆವು. ಕಾಲಿನ್ಸ್ ಸ್ಟ್ರೀಟ್‌ನಲ್ಲಿ ವಕೀಲರ ಆಫೀಸು. ಹಿರಿಯ ವಕೀಲೆ, ಬೆಳ್ಳಿಗೂದಲಿನ ಹೆಂಗಸು, ಪಟ್ಟಿಯನ್ನು ನನ್ನ ಮುಂದೆ ತಳ್ಳಿ, ಎಲ್ಲವೂ ಇದರಲ್ಲಿದೆಯೇ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಸುಘೋಷ್ ಎಲ್ಲ ಇದೆ ಅಂದರು. ಪಟ್ಟಿಯಲ್ಲಿ ನೂರಹದಿಮೂರು ಆದ ಮೇಲೆ ನೂರಹದಿನೈದು ಇತ್ತು. ನನ್ನ ಟೇಬಲ್ಲಿನಿಂದ ಹೊರಟಾಗ ಹಾಗಿರಲಿಲ್ಲ.

ಇಲ್ಲ, ಒಂದು ಪುಟ ಬಿಟ್ಟಿದೆ ಅಂದೆ. ಚೀಲದಿಂದ ಅದರ ಪ್ರತಿ ತೆಗೆದು ಮೇಜಿನ ಮೇಲಿಟ್ಟೆ, ಪಟ್ಟಿಯಲ್ಲಿ ಪೆನ್ನಿನಿಂದಲೇ 114 ಎಂದು ಸೇರಿಸಿದೆ. ವಕೀಲೆ ಎರಡು ಸಲ ಓದಿದಳು. ಇದನ್ನು ನೋಡಿದ ಮೇಲೆ ಎದುರು ಕಕ್ಷಿಗೂ ಕೊಡಲೇಬೇಕು, ಬಾವಿ ನಮ್ಮ ಕೈತಪ್ಪಬಹುದು ಎಂದಳು. ಅವಳಿಗೆ ಸಂತೋಷವಾಗಲಿಲ್ಲ, ಆದರೆ ಪುಟವನ್ನು ಹಿಂದಿರುಗಿಸಲೂ ಇಲ್ಲ. ಪಟ್ಟಿಯಲ್ಲಿ ‘ಯಾರ ಹೇಳಿಕೆ’ ಎಂಬ ಕಾಲಮ್ಮಿದೆ, ಅವನ ಹೆಸರೇನು ಎಂದು ಕೇಳಿದಳು. ಹೆಸರು ಬರೆದುಕೊಂಡಿಲ್ಲ, ಹೊಡೆದದ್ದನ್ನು ಮಾತ್ರ ಬರೆದುಕೊಂಡಿದ್ದಾರೆ ಅಂದೆ. ಆ ಕಾಲಮ್ಮಿನಲ್ಲಿ ‘ಗಡಿ ಬಲ್ಲವನು’ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಸಹಿ ಹಾಕಿದೆ.

ಲಿಫ್ಟ್‌ನಲ್ಲಿ ಕೆಳಗೆ ಬಂದ ಮೇಲೆ ಸುಘೋಷ್ ಮಾತಾಡಿದರು.

“ನಿಮಗೋಸ್ಕರ ಎಷ್ಟೆಲ್ಲ ಮಾಡಿದೆ. ಇನ್ನು ಪಿಆರ್ ನಾಮಿನೇಷನ್ ವಿಷಯ ನನ್ನ ಹತ್ರ ಎತ್ತಬೇಡಿ.”

ಹಾಸಿಗೆ, ಕುಕ್ಕರ್ ಎರಡನ್ನೂ ಶನಿವಾರ ತಂದುಕೊಡುತ್ತೇನೆ ಅಂದೆ. ಅವರು ಟ್ಯಾಕ್ಸಿ ಹತ್ತಿ ಒಬ್ಬರೇ ಹೋದರು.

ಟ್ರಾಮ್ ಸ್ಟಾಪಿನ ಬೆಂಚಿನ ಮೇಲೆ ಕೂತು ಅವ್ವನಿಗೆ ಫೋನ್ ಮಾಡಿದೆ. ಪಿಆರ್ ಏನಾಯಿತು ಎಂದು ಅವಳು ಕೇಳಲಿಲ್ಲ.

“ಉಂಡೆ ಒಡೀತೇನವ್ವ?”

“ಒಡೀತು ಕಣವ್ವ. ಬಾವಿ ಹತ್ರ.”

ಆ ಕಡೆ ಅವ್ವ ಮೂಗು ಒರೆಸಿಕೊಂಡದ್ದು ಕೇಳಿಸಿತು.

“ಒಡೀಬೇಕಾದ ಜಾಗದಲ್ಲೇ ಒಡದದೆ ಬುಡು,” ಅಂದಳು.